ಹದಿನೈದು ವಾರ, ಹದಿನೇಳು ವರ್ಷ: ಕಾರ್ಮಾರ್ದೆನ್ ಕೌಂಟಿಯ ಒಬ್ಬ ಸದಸ್ಯನ ಪ್ರಕರಣ

1966ರ ಮಾರ್ಚ್ 31ರಂದು ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ವೇಲ್ಸ್‌ನ ನೈರುತ್ಯ ಭಾಗದ ಕಾರ್ಮಾರ್ದೆನ್ ಕ್ಷೇತ್ರದಲ್ಲಿ ಪ್ಲೈಡ್ ಕಮ್ರಿ ಎಂಬ ಪುಟ್ಟ ವೆಲ್ಷ್ ರಾಷ್ಟ್ರೀಯವಾದಿ ಪಕ್ಷದಿಂದ ನಿಂತಿದ್ದ ಗ್ವಿನ್ವೋರ್ ಎವನ್ಸ್ ಅವರಿಗೆ 7,416 ಮತ ಬಿದ್ದವು. ಮೂರನೇ ಸ್ಥಾನ. ಅದೇ ವರ್ಷ ಜುಲೈ 14ರಂದು ಅದೇ ಕ್ಷೇತ್ರದಲ್ಲಿ ಉಪಚುನಾವಣೆ ನಡೆದಾಗ ಅದೇ ಅಭ್ಯರ್ಥಿಗೆ 16,179 ಮತ ಬಿದ್ದು ಅವರು ಗೆದ್ದರು. ಎರಡರ ನಡುವೆ ಸರಿಯಾಗಿ ಹದಿನೈದು ವಾರಗಳ ಅಂತರ. 1925ರಲ್ಲಿ ಹುಟ್ಟಿದ ಪಕ್ಷಕ್ಕೆ ಸಂಸತ್ತಿನಲ್ಲಿ ಸಿಕ್ಕ ಮೊದಲ ಸ್ಥಾನ ಅದು. ಅದಕ್ಕಾಗಿ ಅದು ನಲವತ್ತೊಂದು ವರ್ಷ ಕಾದಿತ್ತು.

ಈ ಗೆಲುವನ್ನು ರಾಷ್ಟ್ರೀಯ ಭಾವನೆಯ ಅಲೆ ಎಂದು ವಿವರಿಸುವುದು ರೂಢಿ. ಅಲೆ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಪ್ರಕರಣವನ್ನು ಓದುತ್ತಾ ಹೋದಂತೆ ನನ್ನ ಗಮನ ಬೇರೆ ಕಡೆ ಹರಿಯಿತು. ಗ್ವಿನ್ವೋರ್ 1949ರಿಂದಲೇ ಕಾರ್ಮಾರ್ದೆನ್‌ಶೈರ್ ಕೌಂಟಿ ಕೌನ್ಸಿಲ್‌ನ ಸದಸ್ಯರಾಗಿದ್ದರು. ಲಂಗಾಡೋಗ್ ಎಂಬ ಹಳ್ಳಿಯ ವಾರ್ಡಿನಿಂದ ಆರಿಸಿಬಂದು ಹದಿನೇಳು ವರ್ಷ ಶಾಲೆ, ರಸ್ತೆ, ಭಾಷೆ ಎಂದು ಕೌಂಟಿಯ ಸಭೆಗಳಲ್ಲಿ ವಾದಿಸಿದ್ದರು. ಆ ಹದಿನೇಳು ವರ್ಷಗಳನ್ನು ಪಕ್ಕಕ್ಕಿಟ್ಟರೆ ಆ ಹದಿನೈದು ವಾರಗಳು ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಹಾಗೆಂದು ಆ ಹದಿನೇಳು ವರ್ಷಗಳೇ ಎಲ್ಲವನ್ನೂ ವಿವರಿಸುತ್ತವೆಯೇ ಎಂದರೆ, ಇಲ್ಲ. ಆ ತೊಡಕಿಗೂ ಮುಂದೆ ಬರುತ್ತೇನೆ.

(ಹೆಸರುಗಳ ಬಗ್ಗೆ ಒಂದು ಮಾತು. ಲಂಗಾಡೋಗ್, ಲನೆಲ್ಲಿ ಮುಂತಾದ ಊರುಗಳ ಮೊದಲಕ್ಷರ ನಮ್ಮ ‘ಲ’ ಅಲ್ಲ. ನಾಲಿಗೆಯ ತುದಿಯನ್ನು ‘ಲ’ಕಾರಕ್ಕೆ ಇಟ್ಟ ಜಾಗದಲ್ಲೇ ಇಟ್ಟು, ದನಿಯಿಲ್ಲದೆ ಪಕ್ಕದಿಂದ ಗಾಳಿ ಬಿಟ್ಟರೆ ಹೊರಡುವ ಸದ್ದು ಅದು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ ‘ಲ’ ಎಂದೇ ಬರೆದಿದ್ದೇನೆ.)

ಕೌಂಟಿ ಕೌನ್ಸಿಲ್ ಎಂದರೆ

ನಮ್ಮ ಓದುಗರು ಇದನ್ನು ಜಿಲ್ಲಾ ಪಂಚಾಯತಿಗೆ ಹೋಲಿಸಿಕೊಳ್ಳಬಹುದು, ಆದರೆ ಅದಕ್ಕಿಂತ ಅಧಿಕಾರ ಹೆಚ್ಚು. 1888ರ ಕಾಯ್ದೆಯಿಂದ ಹುಟ್ಟಿ, 1889ರಲ್ಲಿ ಮೊದಲ ಚುನಾವಣೆ ಕಂಡ ಸಂಸ್ಥೆಗಳು ಇವು. ಒಂದು ವಾರ್ಡಿಗೆ ಒಬ್ಬ ಸದಸ್ಯ, ಮೂರು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದ ಸದಸ್ಯರೆಲ್ಲ ಸೇರಿ ತಮ್ಮ ಸಂಖ್ಯೆಯ ಮೂರನೇ ಒಂದರಷ್ಟು ಆಲ್ಡರ್‌ಮನ್‌ಗಳನ್ನು, ಅಂದರೆ ಹಿರಿಯ ಸದಸ್ಯರನ್ನು, ಆರಿಸುತ್ತಿದ್ದರು. ಆಲ್ಡರ್‌ಮನ್ ಆದವರು ಆರು ವರ್ಷ ಜನರ ಮುಂದೆ ಹೋಗಬೇಕಾಗಿರಲಿಲ್ಲ. ಬಲವಾದ ಗುಂಪು ಈ ಸ್ಥಾನಗಳನ್ನು ತನ್ನವರಿಗೆ ಹಂಚಿ ತನ್ನ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುವುದು ಮಾಮೂಲಾಗಿತ್ತು. ಒಬ್ಬಂಟಿ ಸದಸ್ಯನಿರುವ ಪಕ್ಷಕ್ಕೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ಯುದ್ಧಕಾಲದಲ್ಲಿ ಚುನಾವಣೆಗಳೇ ನಿಂತುಹೋದವು. 1937ರ ನಂತರ ಕೌಂಟಿಗಳು ಮತಪೆಟ್ಟಿಗೆ ಕಂಡದ್ದು 1946ರ ಮಾರ್ಚ್‌ನಲ್ಲಿ. ನಡುವೆ ಯಾರಾದರೂ ತೀರಿಕೊಂಡರೆ ಉಳಿದ ಸದಸ್ಯರೇ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತಿದ್ದರು. ಒಂಬತ್ತು ವರ್ಷ ಮತದಾರರನ್ನು ಕೇಳದೆ ನಡೆದ ಸಭೆಗಳವು. ಅಷ್ಟರಲ್ಲಿ ಮತದಾರರೂ ಬದಲಾಗಿದ್ದರು. ಹಿಂದೆ ಸ್ಥಳೀಯ ಚುನಾವಣೆಯ ಮತ ಮುಖ್ಯವಾಗಿ ಮನೆ ಅಥವಾ ಜಮೀನು ಹಿಡಿದವರ ಹಕ್ಕಾಗಿತ್ತು. ತಂದೆಯ ಮನೆಯಲ್ಲೇ ಇದ್ದ ವಯಸ್ಕ ಮಗ, ಬಾಡಿಗೆ ಕೋಣೆಯಲ್ಲಿದ್ದ ಕೂಲಿಕಾರ ಸಂಸತ್ತಿಗೆ ಮತ ಹಾಕಬಹುದಿತ್ತು, ಕೌಂಟಿಗೆ ಹಾಕುವಂತಿರಲಿಲ್ಲ. 1945ರ ಕಾಯ್ದೆ ಸಂಸತ್ತಿನ ಮತದಾರರೆಲ್ಲರಿಗೂ ಸ್ಥಳೀಯ ಮತ ಕೊಟ್ಟಿತು. ಯುದ್ಧೋತ್ತರ ಕೌಂಟಿ ಚುನಾವಣೆಗಳನ್ನು ಹಿಂದಿನವುಗಳಿಂದ ಬೇರೆ ಮಾಡಿದ್ದು ಈ ಸದ್ದಿಲ್ಲದ ಬದಲಾವಣೆ. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎನಿಸುತ್ತದೆ ನನಗೆ.

ಕಾರ್ಮಾರ್ದೆನ್‌ಶೈರ್ ಒಂದೇ ಕೌಂಟಿಯಾದರೂ ಅದರೊಳಗೆ ಎರಡು ಲೋಕಗಳಿದ್ದವು. ಪಶ್ಚಿಮಕ್ಕೂ ಉತ್ತರಕ್ಕೂ ಟವಿ ನದಿಯ ಹಸಿರು ಬಯಲು, ಹಾಲು ಕರೆಯುವ ಸಣ್ಣ ಸಣ್ಣ ಒಕ್ಕಲು ಮನೆಗಳು, ವಿಟ್ಲೆಂಡ್‌ನಂಥ ಊರಿನ ಹಾಲಿನ ಕಾರ್ಖಾನೆ. ಪೂರ್ವಕ್ಕೆ ಅಮ್ಮನ್ ಮತ್ತು ಗ್ವೆಂಡ್ರೈತ್ ಕಣಿವೆಗಳ ಆಂಥ್ರಸೈಟ್ ಕಲ್ಲಿದ್ದಲ ಗಣಿಗಳು, ಲನೆಲ್ಲಿಯ ಉಕ್ಕು ಮತ್ತು ತವರ ಲೇಪದ ತಗಡಿನ ಉದ್ಯಮ. ಗಣಿಯ ಕಡೆಯಿಂದ ಲೇಬರ್ ಪಕ್ಷದವರು ಬರುತ್ತಿದ್ದರು. ಹಳ್ಳಿಯ ಕಡೆಯಿಂದ ‘ಸ್ವತಂತ್ರರು’. ಹೆಸರಿಗೆ ಸ್ವತಂತ್ರರಾದರೂ ಊರಿನ ದೊಡ್ಡ ರೈತ, ವಕೀಲ, ಅಂಗಡಿಯ ಯಜಮಾನ, ಚಾಪೆಲ್ಲಿನ (ಊರಿನ ಚರ್ಚಿನ) ಹಿರಿಯ ಇವರೇ ಅಲ್ಲಿ ಕುಳಿತಿರುತ್ತಿದ್ದರು. ಎಷ್ಟೋ ಹಳ್ಳಿ ವಾರ್ಡುಗಳಲ್ಲಿ ಎದುರಾಳಿಯೇ ಇಲ್ಲದೆ ಅವಿರೋಧ ಆಯ್ಕೆ ನಡೆಯುತ್ತಿತ್ತು. ಅಂಥ ಕಡೆ ಪಕ್ಷದ ಹೆಸರು ಹಚ್ಚಿಕೊಂಡು ನಿಲ್ಲುವುದನ್ನೇ ಊರಿನವರು ಒರಟುತನ ಎಂದು ಭಾವಿಸುತ್ತಿದ್ದ ಕಾಲ. ಎರಡು ಲೋಕಗಳಿಗೂ ಸಮಾನವಾಗಿದ್ದದ್ದು ಮಾತು ಒಂದೇ: 1961ರ ಜನಗಣತಿಯಲ್ಲಿ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 26 ಇದ್ದರೆ, ಈ ಕೌಂಟಿಯಲ್ಲಿ ಮುಕ್ಕಾಲು ಪಾಲು ಜನ ವೆಲ್ಷ್ ಬಲ್ಲವರಾಗಿದ್ದರು.

ಟೊಮೇಟೊ ಬೆಳೆಗಾರ

ಗ್ವಿನ್ವೋರ್ ಈ ಮಣ್ಣಿನ ಮಗ ಅಲ್ಲ. ಹುಟ್ಟಿದ್ದು 1912ರಲ್ಲಿ, ಗ್ಲಮೋರ್ಗನ್‌ನ ಬಂದರು ಪಟ್ಟಣ ಬ್ಯಾರಿಯಲ್ಲಿ. ತಂದೆಗೆ ಅಲ್ಲಿ ದೊಡ್ಡ ಜವಳಿ ಮಳಿಗೆ ಇತ್ತು. ಮನೆಮಾತು ಇಂಗ್ಲಿಷ್, ವೆಲ್ಷ್ ಅನ್ನು ಅವರು ಬೆಳೆದ ಮೇಲೆ ಶ್ರಮಪಟ್ಟು ಕಲಿತರು. ಅಬರಿಸ್ಟ್‌ವಿತ್ ಮತ್ತು ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿ, ವಕೀಲಿಕೆಯನ್ನು ಮುಂದುವರಿಸದೆ ಲಂಗಾಡೋಗ್‌ಗೆ ಬಂದು ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯತೊಡಗಿದರು. ಯುದ್ಧ ಬಂದಾಗ ಆತ್ಮಸಾಕ್ಷಿಯ ಕಾರಣ ನೀಡಿ ಸೈನ್ಯಕ್ಕೆ ಸೇರಲು ಒಪ್ಪಲಿಲ್ಲ. 1945ರಲ್ಲಿ ಪಕ್ಷದ ಅಧ್ಯಕ್ಷರಾದರು. 1981ರವರೆಗೂ ಆ ಹೊಣೆ ಅವರದೇ.

ಈಗ 1949ರ ಕೌಂಟಿ ಚುನಾವಣೆಯನ್ನು ಈ ಹಿನ್ನೆಲೆಯಲ್ಲಿ ನೋಡಿ. ಯುದ್ಧ ಮುಗಿದು ನಾಲ್ಕೇ ವರ್ಷ. ಅಭ್ಯರ್ಥಿ ಹೊರಗಿನಿಂದ ಬಂದವರು, ಬಂದೂಕು ಹಿಡಿಯಲು ಒಪ್ಪದವರು, ಬಹಳ ಜನ ನಕ್ಕು ತಳ್ಳಿಹಾಕುತ್ತಿದ್ದ ಪಕ್ಷದ ಅಧ್ಯಕ್ಷರು. ಮಗನನ್ನೋ ತಮ್ಮನನ್ನೋ ಯುದ್ಧಕ್ಕೆ ಕಳಿಸಿದ್ದ ಮನೆಗಳು ಯಾವ ಹಳ್ಳಿಯಲ್ಲಿ ಇರಲಿಲ್ಲ? ಆದರೂ ಲಂಗಾಡೋಗ್ ಅವರನ್ನು ಆರಿಸಿತು. ಪಕ್ಷದ ತತ್ವಕ್ಕೆ ಬಿದ್ದ ಮತ ಇದಲ್ಲ ಎಂದೇ ನನಗೆ ತೋರುತ್ತದೆ. ದಿನವೂ ಕಣ್ಣಿಗೆ ಬೀಳುವ, ಕೂಲಿ ಕೊಡುವ, ಚಾಪೆಲ್ಲಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಮನುಷ್ಯನಿಗೆ ಊರು ಹಾಕಿದ ಮತ. ಸ್ಥಳೀಯ ಚುನಾವಣೆಯಲ್ಲಿ ಅಭ್ಯರ್ಥಿಯ ನಡತೆಯನ್ನು ಊರು ಮೊದಲೇ ತೂಗಿರುತ್ತದೆ. ಅವನ ಪ್ರಣಾಳಿಕೆಯನ್ನು ಓದುವುದು ಆಮೇಲೆ.

ಅಲ್ಲಿಂದ ಮುಂದೆ ಅವರ ಕೆಲಸ ಒಂಟಿಯಾಗಿತ್ತು. 1944ರ ಶಿಕ್ಷಣ ಕಾಯ್ದೆಯ ನಂತರ ಪ್ರಾಥಮಿಕ, ಪ್ರೌಢ ಶಾಲೆಗಳೆರಡೂ ಕೌಂಟಿಯ ಕೈಯಲ್ಲಿದ್ದವು. ಮಕ್ಕಳು ಕಡಿಮೆಯಾದ ಹಳ್ಳಿ ಶಾಲೆಗಳನ್ನು ಮುಚ್ಚುವುದೋ ಉಳಿಸುವುದೋ ಎಂಬ ಪ್ರಶ್ನೆ ಗ್ರಾಮೀಣ ವೇಲ್ಸ್‌ನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಶಾಲೆ ಹೋದರೆ ಹಳ್ಳಿಯ ಭಾಷೆಯೂ ಹೋಗುತ್ತದೆ ಎಂಬುದು ಗ್ವಿನ್ವೋರ್ ಅವರ ವಾದ. ವೆಲ್ಷ್ ಮಾಧ್ಯಮದ ಶಿಕ್ಷಣಕ್ಕಾಗಿಯೂ ಅವರು ಪಟ್ಟುಹಿಡಿದರು. ಅದಕ್ಕೆ ಈ ಕೌಂಟಿಯಲ್ಲಿ ನೆಲ ಸಿದ್ಧವಾಗಿತ್ತು ಎಂಬುದನ್ನೂ ಹೇಳಬೇಕು. ಅವರು ಸದಸ್ಯರಾಗುವ ಮೊದಲೇ, 1947ರ ಮಾರ್ಚ್ 1ರ ಸಂತ ಡೇವಿಡ್ ದಿನದಂದು, ಲನೆಲ್ಲಿಯಲ್ಲಿ ‘ಅಸ್ಗೋಲ್ ದೆವಿ ಸಾಂಟ್’ ಎಂಬ ಶಾಲೆ ತೆರೆಯಿತು. ಸ್ಥಳೀಯ ಆಡಳಿತವೊಂದು ತಾನೇ ತೆರೆದ ಮೊದಲ ವೆಲ್ಷ್ ಮಾಧ್ಯಮ ಶಾಲೆ ಅದು. ಅಂದರೆ ಭಾಷೆಯ ಪರ ಕೆಲಸ ಮಾಡಲು ಕೌಂಟಿಗೆ ಸಾಧ್ಯವಿತ್ತು. ಅದನ್ನು ಯಾರಾದರೂ ಬೆನ್ನುಹತ್ತಬೇಕಿತ್ತು, ಅಷ್ಟೆ.

ತೆರಿಗೆಯ ಚೀಟಿ

ಬೆನ್ನುಹತ್ತುವುದು ಎಂದರೇನು ಎಂದು ತಿಳಿಯಲು ಅದೇ ಕೌಂಟಿಯ ಇನ್ನೊಂದು ಮನೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಸಂಸತ್ತಿನ ಲೆಕ್ಕದಲ್ಲಿ ಆ ಊರು ಪಕ್ಕದ ಲನೆಲ್ಲಿ ಕ್ಷೇತ್ರಕ್ಕೆ ಸೇರಿತ್ತು, ಹಾಗಾಗಿ ಉಪಚುನಾವಣೆಗೆ ನೇರ ಸಂಬಂಧವಿಲ್ಲ. ಆದರೂ ಈ ಪ್ರಕರಣದ ಜೀವನಾಡಿ ಅಲ್ಲಿದೆ.

1952ರಲ್ಲಿ ಟ್ರೆವರ್ ಮತ್ತು ಐಲೀನ್ ಬೀಸ್ಲಿ ದಂಪತಿ ಲಂಗೆನೆಕ್ ಎಂಬ ಹಳ್ಳಿಯಲ್ಲಿ ಸಂಸಾರ ಹೂಡಿದರು. ಅವರು ಗಣಿ ಕಾರ್ಮಿಕ, ಆಕೆ ಶಿಕ್ಷಕಿ. ಲನೆಲ್ಲಿ ಗ್ರಾಮಾಂತರ ಜಿಲ್ಲಾ ಕೌನ್ಸಿಲ್‌ನಿಂದ ಮನೆ ತೆರಿಗೆಯ ಚೀಟಿ ಬಂತು. ಚೀಟಿ ಇಂಗ್ಲಿಷಿನಲ್ಲಿತ್ತು. ಊರಿನವರು ವೆಲ್ಷ್ ಆಡುವವರು, ಕೌನ್ಸಿಲ್ ಸದಸ್ಯರು ವೆಲ್ಷ್ ಆಡುವವರು, ಕಚೇರಿಯ ನೌಕರರೂ ಬಹುತೇಕ ವೆಲ್ಷ್ ಆಡುವವರು. ಕಾಗದ ಮಾತ್ರ ಇಂಗ್ಲಿಷ್. ವೆಲ್ಷ್‌ನಲ್ಲಿ ಚೀಟಿ ಕೊಡಿ, ತೆರಿಗೆ ಕಟ್ಟುತ್ತೇವೆ ಎಂದು ದಂಪತಿ ಬರೆದರು. ಕೌನ್ಸಿಲ್ ಒಪ್ಪಲಿಲ್ಲ. ಇವರು ಕಟ್ಟಲಿಲ್ಲ. ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆ ಬಂತು. ಜಪ್ತಿಗೆ ಬಂದವರು ಮನೆಯ ಸಾಮಾನು ಹೊತ್ತೊಯ್ದರು, ಒಂದು ಸಲ ಅಲ್ಲ, ಹಲವು ಸಲ. ಪಿಯಾನೊ ಹೋಯಿತು. ನೆಲದ ಜಮಖಾನೆಯೂ ಹೋಯಿತು. ಪುಟ್ಟ ಮಕ್ಕಳಿದ್ದ ಮನೆ ಬರಿದಾಗಿ ನಿಂತಿತು. ಕೊನೆಗೆ 1960ರಲ್ಲಿ ಎರಡೂ ಭಾಷೆಯಲ್ಲಿ ಅಚ್ಚಾದ ಚೀಟಿ ಅವರ ಬಾಗಿಲಿಗೆ ಬಂತು. ಒಂದು ಹಾಳೆ ಕಾಗದಕ್ಕೆ ಎಂಟು ವರ್ಷ.

ಆಡಳಿತದ ಭಾಷೆ ಎಂಬ ಒಣ ಮಾತಿಗೆ ಇದಕ್ಕಿಂತ ಹತ್ತಿರದ ನೋಟ ನನಗೆ ಸಿಕ್ಕಿಲ್ಲ. ಬರಿದಾದ ಆ ಕೋಣೆಯನ್ನು ನೆನೆದಾಗ ಈಗಲೂ ಗಂಟಲು ಕಟ್ಟುತ್ತದೆ. 1962ರ ಫೆಬ್ರವರಿ 13ರಂದು ಸಾಹಿತಿ, ಪ್ಲೈಡ್ ಕಮ್ರಿಯ ಸ್ಥಾಪಕರಲ್ಲಿ ಒಬ್ಬರಾದ ಸಾಂಡರ್ಸ್ ಲೂಯಿಸ್ ವೆಲ್ಷ್ ಭಾಷೆಯ ಭವಿಷ್ಯದ ಬಗ್ಗೆ ಬಾನುಲಿ ಉಪನ್ಯಾಸ ನೀಡಿದಾಗ ಮಾದರಿಯಾಗಿ ತೋರಿಸಿದ್ದು ಈ ದಂಪತಿಯನ್ನೇ. ಅದೇ ವರ್ಷ ವೆಲ್ಷ್ ಭಾಷಾ ಸೊಸೈಟಿ ಹುಟ್ಟಿತು. ಲೂಯಿಸ್ ಅವರ ಒಲವು ಕಚೇರಿಗಳ ಎದುರಿನ ಹೋರಾಟದ ಕಡೆಗಿತ್ತು. ಗ್ವಿನ್ವೋರ್ ಅವರದು ಚುನಾವಣೆಯ ದಾರಿ. ಈ ಎರಡು ದಾರಿಗಳ ನಡುವಿನ ಎಳೆದಾಟ ಪಕ್ಷವನ್ನು 1966ರವರೆಗೂ ಕಾಡಿತು.

ಮೆರಿಯೊನೆತ್‌ನಲ್ಲಿ ಏಕೆ ಸೋತರು

ವಿಚಿತ್ರವೆಂದರೆ, ಕಾರ್ಮಾರ್ದೆನ್‌ಶೈರ್‌ನಲ್ಲಿ ನೆಲೆಸಿ ಅಲ್ಲಿನ ಕೌಂಟಿ ಸದಸ್ಯರಾಗಿದ್ದ ಗ್ವಿನ್ವೋರ್ ಸಂಸತ್ತಿಗೆ ನಿಲ್ಲುತ್ತಿದ್ದದ್ದು ಉತ್ತರದ ಮೆರಿಯೊನೆತ್‌ನಲ್ಲಿ. 1945, 1950, 1955, 1959, ನಾಲ್ಕು ಸಲ. ನಡುವೆ 1954ರಲ್ಲಿ ಅಬರ್ಡೇರ್ ಉಪಚುನಾವಣೆಯಲ್ಲಿ ಒಮ್ಮೆ. ಎಲ್ಲ ಕಡೆ ಸೋಲು.

ಮೆರಿಯೊನೆತ್‌ನಲ್ಲಿ ಟ್ರವೆರಿನ್ ಕಣಿವೆ ಇದೆ. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ಆ ಕಣಿವೆಯ ಕಾಪೆಲ್ ಕೆಲಿನ್ ಹಳ್ಳಿಯನ್ನು ಮುಳುಗಿಸುವ ಮಸೂದೆ 1957ರಲ್ಲಿ ಅಂಗೀಕಾರವಾಯಿತು. ವೇಲ್ಸ್‌ನ ಸಂಸದರಲ್ಲಿ ಒಬ್ಬರೂ ಅದರ ಪರ ಮತ ಹಾಕಲಿಲ್ಲ. ಆದರೂ ಅದು ಕಾಯ್ದೆಯಾಯಿತು. 1956ರ ನವೆಂಬರ್‌ನಲ್ಲಿ ಹಳ್ಳಿಯ ಜನರೊಂದಿಗೆ ಗ್ವಿನ್ವೋರ್ ಲಿವರ್‌ಪೂಲ್ ಬೀದಿಗಳಲ್ಲಿ ಮೆರವಣಿಗೆ ಮಾಡಿದ್ದರು. ಇಷ್ಟು ದೊಡ್ಡ ಅನ್ಯಾಯ ನಡೆದ ಎರಡೇ ವರ್ಷದಲ್ಲಿ ಅದೇ ನೆಲದಲ್ಲಿ ಚುನಾವಣೆ ನಡೆದರೆ ಆ ಹೋರಾಟದ ಮುಖ ಗೆಲ್ಲಬೇಕಲ್ಲವೇ? ಗೆಲ್ಲಲಿಲ್ಲ. 1959ರ ಫಲಿತಾಂಶ ಪಕ್ಷವನ್ನು ಕಂಗೆಡಿಸಿತು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ಮುಖ್ಯ ಸಾಕ್ಷಿ ಈ ಸೋಲು. ಮೆರಿಯೊನೆತ್‌ನಲ್ಲಿ ಕಾರಣ ದೊಡ್ಡದಿತ್ತು, ಹೆಸರೂ ದೊಡ್ಡದಿತ್ತು. ಆದರೆ ಅಲ್ಲಿನ ರೈತ ತನ್ನ ಹಟ್ಟಿಗೆ ಹೋಗುವ ರಸ್ತೆ ಕೆಟ್ಟಾಗ ಗ್ವಿನ್ವೋರ್ ಬಾಗಿಲು ತಟ್ಟುವಂತಿರಲಿಲ್ಲ. ಅವರು ದೂರದ ಲಂಗಾಡೋಗ್‌ನಲ್ಲಿದ್ದರು. 1964ರಲ್ಲಿ ಅವರು ಕೊನೆಗೂ ಮನೆಯ ಕ್ಷೇತ್ರದಲ್ಲಿ ನಿಂತರು. ಸೋತರು. 1966ರ ಮಾರ್ಚ್‌ನಲ್ಲಿ ಮತ್ತೆ ನಿಂತರು. ಸೋತರೂ ಮತ ಹೆಚ್ಚಿತು, ನೂರಕ್ಕೆ 16. ಠೇವಣಿ ಉಳಿಸಿಕೊಳ್ಳಲು ಚಲಾವಣೆಯಾದ ಮತಗಳ ಎಂಟನೇ ಒಂದು ಭಾಗ ಬೇಕಿದ್ದ ಕಾಲದಲ್ಲಿ ಆ ಪಕ್ಷಕ್ಕೆ ಅದೂ ಸಣ್ಣ ಸಂಗತಿಯಲ್ಲ.

ಬೀಗ ಹಾಕಿದ ಗೇಟುಗಳು

ಮನೆಯ ಕ್ಷೇತ್ರದಲ್ಲೂ ಒಂದು ನೀರಿನ ಕಥೆ ನಡೆದಿತ್ತು. ಸ್ವಾನ್ಸಿ ನಗರಸಭೆ 1960ರಲ್ಲಿ ಗ್ವೆಂಡ್ರೈತ್ ವಾಕ್ ಕಣಿವೆಗೆ ಅಣೆಕಟ್ಟು ಕಟ್ಟುವ ಯೋಜನೆ ಹಾಕಿತು. ಲಂಗಿನ್‌ಡೈರ್ನ್ ಹಳ್ಳಿಯ ಸುತ್ತಲಿನ ಹೊಲಗಳು ಮುಳುಗಬೇಕಿತ್ತು. ಊರಿನವರು ರಕ್ಷಣಾ ಸಮಿತಿ ಕಟ್ಟಿದರು. ಚಾಪೆಲ್ಲಿನ ಪಾದ್ರಿ ಡಬ್ಲ್ಯು. ಎಂ. ರೀಸ್ ಅದರ ಕಾರ್ಯದರ್ಶಿ. 1963ರ ಅಕ್ಟೋಬರ್ 21ರಂದು ಸರ್ವೇಗೆ ಬಂದವರಿಗೆ ಕಂಡದ್ದು ಸರಪಳಿ ಬಿಗಿದು ಬೀಗ ಹಾಕಿದ ಹೊಲದ ಗೇಟುಗಳು, ಗೇಟಿನ ಹಿಂದೆ ಅಡ್ಡ ನಿಲ್ಲಿಸಿದ ಟ್ರ್ಯಾಕ್ಟರುಗಳು, ಅವುಗಳ ಜೊತೆಗೆ ನಿಂತ ಒಕ್ಕಲಿಗರು. ಬಂದವರು ಹಿಂದಿರುಗಿದರು. ಕೊನೆಗೆ ಸ್ವಾನ್ಸಿ ಆ ಕಣಿವೆಯನ್ನು ಕೈಬಿಟ್ಟು ಟವಿ ನದಿಯ ಮೇಲ್ಭಾಗದಲ್ಲಿ, ಈಗ ಲಿನ್ ಬ್ರಿಯಾನೆ ಎನ್ನುವ ಜಲಾಶಯಕ್ಕೆ ಹೊರಳಿತು.

ಈ ಹೋರಾಟ ಯಾವ ಪಕ್ಷದ್ದೂ ಅಲ್ಲ, ಊರಿನದು. ಅದನ್ನು ಪ್ಲೈಡ್ ಕಮ್ರಿಯ ಖಾತೆಗೆ ಜಮಾ ಮಾಡಿದರೆ ಲಂಗಿನ್‌ಡೈರ್ನ್‌ನವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆದರೆ ಒಂದು ಕ್ಷೇತ್ರದ ಜನ ನಗರಸಭೆಯೊಂದನ್ನು ಎದುರಿಸಿ ಗೆದ್ದ ಮೂರು ವರ್ಷದೊಳಗೆ ಮತ ಹಾಕಲು ಹೋದರೆ, ಪ್ರತಿಭಟನೆ ಎಂಬುದು ಅವರಿಗೆ ಅಪರಿಚಿತ ಪದವಾಗಿರುವುದಿಲ್ಲ. ಜೊತೆಗೆ ರೈಲು ಹಳಿಗಳೂ ಹೋಗುತ್ತಿದ್ದವು. 1963ರಲ್ಲಿ ಕಾರ್ಮಾರ್ದೆನ್–ಲಂಡೈಲೊ ಮಾರ್ಗ, 1965ರಲ್ಲಿ ಕಾರ್ಮಾರ್ದೆನ್–ಅಬರಿಸ್ಟ್‌ವಿತ್ ಮಾರ್ಗ ಪ್ರಯಾಣಿಕರಿಗೆ ಮುಚ್ಚಿದವು. ಗಣಿಗಳೂ ಒಂದೊಂದಾಗಿ ಮುಚ್ಚುತ್ತಿದ್ದವು. 1964ರಿಂದ ಅಧಿಕಾರದಲ್ಲಿದ್ದದ್ದು ಲೇಬರ್ ಸರ್ಕಾರ. ದೂರಲು ಈಗ ಬೇರೆ ಯಾರೂ ಉಳಿದಿರಲಿಲ್ಲ.

ಹದಿನೈದು ವಾರಗಳ ಲೆಕ್ಕ

ಕ್ಷೇತ್ರದ ಸಂಸದೆ ಲೇಡಿ ಮೇಗನ್ ಲಾಯ್ಡ್ ಜಾರ್ಜ್, ಮಾಜಿ ಪ್ರಧಾನಿ ಡೇವಿಡ್ ಲಾಯ್ಡ್ ಜಾರ್ಜ್ ಅವರ ಮಗಳು. ಲಿಬರಲ್ ಪಕ್ಷದಿಂದ ಲೇಬರ್‌ಗೆ ಬಂದು 1957ರ ಉಪಚುನಾವಣೆಯಲ್ಲಿ ಇಲ್ಲಿ ಗೆದ್ದಿದ್ದರು. ಲಿಬರಲ್ ಮನೆತನದ ಹೆಸರು, ಲೇಬರ್‌ನ ಸಂಘಟನೆ, ನಿರರ್ಗಳ ವೆಲ್ಷ್ ಮಾತು: ಈ ಮೂರೂ ಅವರೊಬ್ಬರಲ್ಲೇ ಸೇರಿದ್ದವು. 1966ರ ಮಾರ್ಚ್‌ನಲ್ಲಿ ಕಾಯಿಲೆಯಿಂದ ಪ್ರಚಾರಕ್ಕೆ ಬರಲಾಗದಿದ್ದರೂ 21,221 ಮತ ಪಡೆದು 9,233ರ ಅಂತರದಿಂದ ಗೆದ್ದರು. ಮೇ 14ರಂದು ತೀರಿಕೊಂಡರು.

ಲೇಬರ್ ಪಕ್ಷ ಗ್ವಿಲಿಮ್ ಪ್ರೀಸ್ ಡೇವಿಸ್ ಎಂಬ ವಕೀಲರನ್ನು ನಿಲ್ಲಿಸಿತು. ಇವರೂ ಅಪ್ಪಟ ವೆಲ್ಷ್ ಭಾಷಿಕರು. ಯೌವನದಲ್ಲಿ ವೆಲ್ಷ್ ಗಣರಾಜ್ಯವಾದಿ ಚಳವಳಿಯಲ್ಲಿದ್ದವರು. ಹೀಗಾಗಿ ಇದನ್ನು ವೆಲ್ಷ್ ವಿರುದ್ಧ ಇಂಗ್ಲಿಷ್ ಎಂಬ ಸರಳ ಕದನವಾಗಿ ಚಿತ್ರಿಸುವುದು ತಪ್ಪು. ಲಿಬರಲ್ ಪಕ್ಷದಿಂದ ಹೈವೆಲ್ ಡೇವಿಸ್, ಕನ್ಸರ್ವೇಟಿವ್ ಪಕ್ಷದಿಂದ ಸೈಮನ್ ಡೇ ಮಾರ್ಚ್‌ನಲ್ಲಿ ನಿಂತವರೇ. ಪ್ಲೈಡ್ ಕಮ್ರಿಯ ಪ್ರಚಾರದ ಬರಹಗಳ ಹೊಣೆ ಹೊತ್ತದ್ದು ಕಾದಂಬರಿಕಾರ ಇಸ್ಲುವಿನ್ ಫೋಕ್ ಎಲಿಸ್.

ದೇಶದ ಸ್ಥಿತಿಯೂ ಹದಗೆಟ್ಟಿತ್ತು. ಮೇ ಮಧ್ಯದಿಂದ ಜುಲೈ 1ರವರೆಗೆ ಹಡಗು ನೌಕರರ ಮುಷ್ಕರ, ಅದರ ನಡುವೆ ತುರ್ತು ಪರಿಸ್ಥಿತಿ, ಪೌಂಡಿನ ಮೇಲೆ ಒತ್ತಡ. ಮತದಾನದ ದಿನವೇ, ಜುಲೈ 14ರಂದು, ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರವನ್ನು ಶೇಕಡ 6ರಿಂದ 7ಕ್ಕೆ ಏರಿಸಿತು.

ಫಲಿತಾಂಶ: ಗ್ವಿನ್ವೋರ್ ಎವನ್ಸ್ 16,179, ಗ್ವಿಲಿಮ್ ಪ್ರೀಸ್ ಡೇವಿಸ್ 13,743, ಹೈವೆಲ್ ಡೇವಿಸ್ 8,650, ಸೈಮನ್ ಡೇ 2,934. ಅಂತರ 2,436.

ಈ ಅಂಕಿಗಳನ್ನು ಮಾರ್ಚ್‌ನವುಗಳ ಪಕ್ಕದಲ್ಲಿಟ್ಟು ಕೂಡಿ ಕಳೆದು ನೋಡಿದೆ. ಲೇಬರ್ ಕಳೆದುಕೊಂಡದ್ದು 7,478. ಲಿಬರಲ್ ಕಳೆದುಕೊಂಡದ್ದು 3,338. ಕನ್ಸರ್ವೇಟಿವ್ 2,404. ಮೂವರ ನಷ್ಟ ಒಟ್ಟು 13,220. ಗ್ವಿನ್ವೋರ್ ಗಳಿಸಿದ ಹೆಚ್ಚುವರಿ ಮತ 8,763. ಉಳಿದ 4,457ರಷ್ಟು ಒಟ್ಟು ಮತದಾನವೇ ಕುಸಿದಿತ್ತು, ಶೇಕಡ 82.6ರಿಂದ 74.9ಕ್ಕೆ. ಲೇಬರ್ ಬಿಟ್ಟವರೆಲ್ಲರೂ, ಒಬ್ಬರೂ ಮನೆಯಲ್ಲಿ ಉಳಿಯದೆ, ಗ್ವಿನ್ವೋರ್ ಕಡೆಗೇ ಬಂದರು ಎಂದುಕೊಂಡರೂ 1,285 ಮತಗಳಿಗೆ ಲೆಕ್ಕ ಸಿಗುವುದಿಲ್ಲ. ಅಂದರೆ ಅವರಿಗೆ ಮತ ಬಂದದ್ದು ಸರ್ಕಾರದ ಮೇಲೆ ಸಿಟ್ಟಾದ ಲೇಬರ್ ಮನೆಗಳಿಂದ ಮಾತ್ರವಲ್ಲ. ಲಿಬರಲ್ ರೈತರೂ, ಬಹುಶಃ ಕೆಲವು ಕನ್ಸರ್ವೇಟಿವ್ ಮನೆಗಳೂ ಅವರತ್ತ ವಾಲಿದ್ದವು. ಒಬ್ಬರಿಗೊಬ್ಬರು ಆಗದ ಮೂರು ಪಕ್ಷಗಳ ಮತದಾರರು ಒಂದೇ ಹೆಸರಿನ ಮುಂದೆ ಗುರುತು ಹಾಕಬೇಕಾದರೆ ಆ ಹೆಸರು ಎಲ್ಲರಿಗೂ ಪರಿಚಿತವಾಗಿರಬೇಕು, ಯಾರಿಗೂ ಭಯ ಹುಟ್ಟಿಸದಂತಿರಬೇಕು. ಕೌಂಟಿಯ ಹದಿನೇಳು ವರ್ಷಗಳು ಗ್ವಿನ್ವೋರ್ ಅವರಿಗೆ ಕೊಟ್ಟದ್ದು ಇದನ್ನು ಎಂದು ನನ್ನ ತೀರ್ಮಾನ. ಮಾರ್ಚ್‌ನಲ್ಲಿ ಜನರ ಮುಂದಿದ್ದ ಪ್ರಶ್ನೆ ದೇಶ ಆಳುವವರು ಯಾರು ಎಂಬುದು. ಅದಕ್ಕೆ ಗ್ವಿನ್ವೋರ್ ಉತ್ತರವಾಗಿರಲಿಲ್ಲ. ಜುಲೈನಲ್ಲಿ ಸರ್ಕಾರ ಬೀಳುವ ಭಯವಿರಲಿಲ್ಲ. ನಮ್ಮ ಪರವಾಗಿ ಹೋಗಿ ಮಾತಾಡುವವರು ಯಾರು ಎಂಬುದಷ್ಟೇ ಉಳಿಯಿತು. ಆ ಪ್ರಶ್ನೆಗೆ ಉತ್ತರವನ್ನು ಜನರು ಕೌಂಟಿ ಸಭೆಯಲ್ಲಿ ಮೊದಲೇ ಕಂಡಿದ್ದರು.

ಈಗ ನಾನು ಹೇಳಿದ್ದ ತೊಡಕು. 1967ರ ಮಾರ್ಚ್‌ನಲ್ಲಿ ರೋಂಡ ಪಶ್ಚಿಮ ಉಪಚುನಾವಣೆಯಲ್ಲಿ ಪ್ಲೈಡ್ ಕಮ್ರಿಗೆ ಶೇಕಡ 39.9 ಮತ ಬಂತು. 1968ರ ಜುಲೈನಲ್ಲಿ ಕೈರ್‌ಫಿಲಿಯಲ್ಲಿ 40.4. ಎರಡೂ ಗಣಿ ಕಣಿವೆಗಳು, ಲೇಬರ್‌ನ ಕೋಟೆಗಳು. ಕಾರ್ಮಾರ್ದೆನ್‌ನಲ್ಲಿ ಗ್ವಿನ್ವೋರ್ ಗೆದ್ದದ್ದು ಶೇಕಡ 39.0ರಿಂದ, ಅಂದರೆ ಮೂರರಲ್ಲಿ ಅತಿ ಕಡಿಮೆ ಪಾಲಿನಿಂದ. ಪಕ್ಷ ಕಾರ್ಮಾರ್ದೆನ್‌ನಲ್ಲಿ ಗೆದ್ದು ಆ ಎರಡು ಕಡೆ ಸೋತದ್ದು ಎದುರಾಳಿಗಳ ಮತ ಎಷ್ಟು ಹಂಚಿಹೋಯಿತು ಎಂಬುದರಿಂದ; ಕಾರ್ಮಾರ್ದೆನ್‌ನಲ್ಲಿ ಲಿಬರಲ್ ಅಭ್ಯರ್ಥಿ ಶೇಕಡ 20.8 ಹಿಡಿದಿದ್ದರು. ಹದಿನೇಳು ವರ್ಷದ ಕೌಂಟಿ ಸೇವೆ ಇಲ್ಲದೆಯೂ ಶೇಕಡ 40 ಬರುತ್ತದೆ ಎಂದಾದರೆ ನನ್ನ ವಾದ ಕುಸಿಯಿತೇ?

ಪೂರ್ತಿ ಕುಸಿಯಲಿಲ್ಲ ಎಂದುಕೊಂಡಿದ್ದೇನೆ, ಆದರೆ ತೂಕ ಇಳಿಯಿತು ಎಂದು ಒಪ್ಪುತ್ತೇನೆ. ರೋಂಡ ಮತ್ತು ಕೈರ್‌ಫಿಲಿಯ ಮತದಾರರು ಮತ ಹಾಕುವಾಗ ಕಾರ್ಮಾರ್ದೆನ್ ಗೆಲುವು ಅವರ ಕಣ್ಣೆದುರಿಗಿತ್ತು. ಈ ಪಕ್ಷಕ್ಕೆ ಹಾಕಿದ ಮತ ವ್ಯರ್ಥವಲ್ಲ ಎಂದು ತೋರಿಸಿಕೊಟ್ಟಾಗಿತ್ತು. ಕಾರ್ಮಾರ್ದೆನ್‌ನವರ ಮುಂದೆ ಅಂಥ ಉದಾಹರಣೆ ಯಾವುದೂ ಇರಲಿಲ್ಲ. ಪಕ್ಷದ ಮೇಲೆ ನಂಬಿಕೆ ಇಡಲು ಕಾರಣವಿಲ್ಲದ ಹೊತ್ತಿನಲ್ಲಿ ಮೊದಲ ಹೆಜ್ಜೆ ಇಡಿಸಿದ್ದು ಆ ಮನುಷ್ಯನ ಮೇಲಿನ ನಂಬಿಕೆ.

ಆ ರಾತ್ರಿ ಮತ್ತು ಆಮೇಲೆ

ಎಣಿಕೆ ನಡುರಾತ್ರಿ ದಾಟಿತು. ಕಾರ್ಮಾರ್ದೆನ್ ಗಿಲ್ಡ್‌ಹಾಲ್ ಎದುರಿನ ಚೌಕದಲ್ಲಿ ಜನ ಮನೆಗೆ ಹೋಗದೆ ಕಾಯುತ್ತಿದ್ದರು. ಫಲಿತಾಂಶ ಹೊರಬಿದ್ದಾಗ ಅವರು ವೇಲ್ಸ್‌ನ ನಾಡಗೀತೆ ಹಾಡಿದರು. ಬಾಲ್ಕನಿಯ ಮೇಲೆ ನಿಂತಿದ್ದ ಗ್ವಿನ್ವೋರ್ ಅವರಿಗೆ ಆಗ 53 ವರ್ಷ. ಸಂಸತ್ತಿಗೆ ನಿಂತು ಏಳು ಸಲ ಸೋತ ನಂತರದ ಗೆಲುವು.

ಜುಲೈ 21ರಂದು ಅವರು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ವೆಲ್ಷ್‌ನಲ್ಲಿ ಸ್ವೀಕರಿಸಲು ಕೇಳಿಕೊಂಡಿದ್ದರು. ಸ್ಪೀಕರ್ ಅವಕಾಶ ಕೊಡಲಿಲ್ಲ. ಬೀಸ್ಲಿ ದಂಪತಿಯ ತೆರಿಗೆ ಚೀಟಿಯ ಪ್ರಶ್ನೆಯೇ ಈ ಸಲ ಇನ್ನೂ ದೊಡ್ಡ ಕಟ್ಟಡದಲ್ಲಿ ಕೇಳಿಬಂದಿತ್ತು. ಮರುವರ್ಷ, 1967ರಲ್ಲಿ, ನ್ಯಾಯಾಲಯಗಳಲ್ಲಿ ವೆಲ್ಷ್ ಬಳಕೆಗೆ ಅವಕಾಶ ಕೊಡುವ ವೆಲ್ಷ್ ಭಾಷಾ ಕಾಯ್ದೆ ಬಂತು.

1970ರ ಜೂನ್‌ನಲ್ಲಿ ಲೇಬರ್‌ನ ಗ್ವಿನೊರೊ ಜೋನ್ಸ್ ಅವರಿಗೆ 3,907 ಮತಗಳಿಂದ ಸೋತು ಗ್ವಿನ್ವೋರ್ ಸಂಸತ್ತಿನಿಂದ ಹೊರಬಿದ್ದರು. ಕೌಂಟಿ ಕೌನ್ಸಿಲ್‌ನಲ್ಲಿ ಮಾತ್ರ ಮುಂದುವರಿದರು. 1974ರ ಫೆಬ್ರವರಿ 28ರಂದು ಮತ್ತೆ ಅದೇ ಇಬ್ಬರ ನಡುವೆ ಸ್ಪರ್ಧೆ. ಎಣಿಸಿದರು, ಮರು ಎಣಿಸಿದರು. ಜೋನ್ಸ್ 17,165, ಎವನ್ಸ್ 17,162. ಮೂರು ಮತ. ಒಂದು ಮನೆಯ ಊಟದ ಮೇಜಿನ ಸುತ್ತ ಕೂರುವಷ್ಟು ಜನ.

ಅದಾಗಿ ಒಂದು ತಿಂಗಳಿಗೆ, ಏಪ್ರಿಲ್ 1ರಂದು, ಮರುವಿಂಗಡಣೆಯ ಕಾಯ್ದೆ ಜಾರಿಗೆ ಬಂದು ಕಾರ್ಮಾರ್ದೆನ್‌ಶೈರ್ ಕೌಂಟಿ ಕೌನ್ಸಿಲ್ ಎಂಬ ಸಂಸ್ಥೆಯೇ ಇಲ್ಲವಾಯಿತು. ನೆರೆಯ ಕಾರ್ಡಿಗನ್‌ಶೈರ್, ಪೆಂಬ್ರೋಕ್‌ಶೈರ್‌ಗಳೊಂದಿಗೆ ಸೇರಿ ಅದು ಡವೆಡ್ ಎಂಬ ಹೊಸ ಕೌಂಟಿಯಾಯಿತು. ಆಲ್ಡರ್‌ಮನ್ ಪದ್ಧತಿಯೂ ಅದರೊಂದಿಗೆ ಕೊನೆಗೊಂಡಿತು. ಲಂಗಾಡೋಗ್‌ನ ಸದಸ್ಯರಾಗಿ ಗ್ವಿನ್ವೋರ್ ಅವರ ಇಪ್ಪತ್ತೈದು ವರ್ಷಗಳೂ ಅಲ್ಲಿಗೆ ಮುಗಿದವು. ಆ ವರ್ಷದ ಅಕ್ಟೋಬರ್‌ನಲ್ಲಿ ಮತ್ತೊಂದು ಸಾರ್ವತ್ರಿಕ ಚುನಾವಣೆ ಬಂದಾಗ ಕಾರ್ಮಾರ್ದೆನ್ ಅವರನ್ನು 3,640 ಮತಗಳ ಅಂತರದಿಂದ ಮತ್ತೆ ಲಂಡನ್ನಿಗೆ ಕಳಿಸಿತು.